ಕಣಗಿಲದ ಮುಳ್ಳು

25 ಅಕ್ಟೋಬರ್ 2023, ಬುಧವಾರ

ಕೈ ಕೆಸರಾದರೆ ಬಾಯಿ ಮೊಸರು ಎಂದವನು ಕೆರೆಯ ಜೇಡಿಯೊಳಗೆ ಇಳಿದವನಲ್ಲ. ನನ್ನ ಬಾಯಿಗೆ ಈವತ್ತು ಸಿಕ್ಕಿದ್ದು ದುರುಗಪ್ಪನ ಮನೆಯ ಖಟಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ. ಆದರೂ ಇಷ್ಟು ಖುಷಿಯಾಗಿ ಎಷ್ಟು ದಿನವಾಗಿತ್ತೋ!

ಗಂಗಾವತಿ ಕಡೆಯ ಗುಡ್ಡದ ಮೇಲೆ ಮೋರೇರ ಮನೆಗಳಿವೆ. ಮೂರು ಸಾವಿರ ವರ್ಷದ ಹಿಂದಿನ ಜನ ಸತ್ತವರಿಗೆಂದು ಚಪ್ಪಡಿ ಕಲ್ಲಿನಲ್ಲಿ ಕಟ್ಟಿದ ಗೂಡುಗಳು. ಆ ಗುಡ್ಡದ ಬುಡದ ಕೆರೆ ಈ ವರ್ಷ ಮಳೆಯಿಲ್ಲದೆ ಒಣಗಿದೆ. ಊರಿಗೆ ಕೇಡು, ನನಗೆ ಹಬ್ಬ. ಮೇಲೆ ಬಿರುಕು ಬಿಟ್ಟ ನೆಲ, ಒಂದು ಮೊಳ ಕೆಳಗೆ ಹಸಿ ಜೇಡಿ. ಕೊಳವೆ ಬಡಿದು ಆ ಜೇಡಿಯನ್ನು ಮುರಿಯದಂತೆ ಉದ್ದಕ್ಕೆ ಎತ್ತಬೇಕು.

"ಈ ರಾಡಿ ಒಯ್ದು ಏನ್ ಮಾಡ್ತೀರಿ ಮೇಡಮ್ಮಾರ?" ಅಂದ ದುರುಗಪ್ಪ. ಕೂಲಿಯವರಿಗೆ ಅವನೇ ಮುಖಂಡ.

ಗಾಳಿಗೆ ಹಾರಿ ಬಂದ ಹೂವಿನ ಧೂಳು ವರ್ಷ ವರ್ಷ ಕೆರೆಯ ತಳಕ್ಕೆ ಬಿದ್ದು ಪದರ ಪದರವಾಗಿ ಕೂತಿರುತ್ತದೆ, ಅದನ್ನು ಓದಿದರೆ ಯಾವ ಕಾಲದಲ್ಲಿ ಇಲ್ಲಿ ಕಾಡಿತ್ತು, ಯಾವಾಗ ಹೊಲವಾಯಿತು ಎಂದು ಹೇಳಬಹುದು ಅಂತ ತಿಳಿಸಿದೆ. "ಹಂಗಾದ್ರ ನಮ್ಮಪ್ಪ ಒತ್ತಿದ ಹೊಲ ಯಾರದಂತನೂ ಗೊತ್ತಾಗ್ತೈತಿ ಬಿಡ್ರಿ" ಎಂದು ನಕ್ಕ.

ಮೊದಲನೆಯ ಕೊಳವೆ ಸರಾಗವಾಗಿ ಬಂತು. ಅದೇ ಗುಂಡಿಗೆ ಎರಡನೆಯದನ್ನು ಇಳಿಸಿದರೆ ಒಂದು ಗೇಣೂ ಹೋಗಲಿಲ್ಲ. ಸುತ್ತಿಗೆ ಬಡಿದು ಬಡಿದು ಎಲ್ಲರೂ ಸುಸ್ತು. ಕೊಳವೆಯನ್ನು ಮತ್ತೆ ಮೇಲಕ್ಕೆ ಎಳೆದಿಟ್ಟರು.

"ಬೋರ್ ಹೊಡೆಯೋರು ಸೈತ ಪೂಜಿ ಮಾಡದ ಹೊಡೆಯಂಗಿಲ್ರಿ. ನಾವು ಮುಂಜಾನಿಂದ ಭೂಮಿತಾಯಿ ಎದಿಗೆ ಬಡಿಯಾಕ ಹತ್ತೀವಿ," ಅಂದ ದುರುಗಪ್ಪ. ಸರಿ, ಆಗಲಿ. ಡ್ರೈವರ್ ಮಾಜೀದನ ಜೀಪಿನಲ್ಲಿ ಆಯುಧಪೂಜೆಯ ಕಾಯಿಯೊಂದು ಉಳಿದಿತ್ತು. ಕೂಲಿಯ ಹುಲಗೆಮ್ಮ ಸೆರಗಿನಲ್ಲಿ ಕಟ್ಟಿ ತಂದಿದ್ದ ತನ್ನ ಹಿತ್ತಲ ಕೆಂಪು ಕಣಗಿಲವನ್ನು ಕೊಳವೆಯ ನೆತ್ತಿಗೆ ಸಿಕ್ಕಿಸಿ ಕೈಮುಗಿದಳು. ಬಡಿಯುವ ಮೊದಲು ಅದನ್ನು ತೆಗೆದು ಕಣ್ಣಿಗೊತ್ತಿಕೊಂಡು ಮತ್ತೆ ಸೆರಗಿಗೇ ಕಟ್ಟಿಕೊಂಡಳು. ನನಗೂ ಹುರುಪು ಬಂತು. ಜೀಪಿನ ಮುಂದೆ ಬಾಡಿ ಜೋತಾಡುತ್ತಿದ್ದ ಚೆಂಡುಹೂವಿನ ಮಾಲೆ ಹರಿದು, ಒಂದು ಬೊಗಸೆ ಪಕಳೆ ಉದುರಿಸಿ ಗುಂಡಿಯೊಳಗೇ ಹಾಕಿದೆ. ಹುಲಗೆಮ್ಮ "ಅಕ್ಕೋರ, ಅದು..." ಎಂದು ಏನೋ ಹೇಳಲು ಬಂದು ಬಾಯಿ ಮುಚ್ಚಿಕೊಂಡಳು. ಕೊಳವೆ ಇಳಿಯಿತು. ಎಲ್ಲರೂ ಹೋ ಅಂದರು.

ಹುಲಗೆಮ್ಮ ನನ್ನ ಸುಮಿಯ ತಾಯಿ. ಹಿಟ್ನಾಳದಿಂದ ಕೂಲಿಗೆ ಬಂದಿದ್ದಳು. ಸುಮಿ, ಅಂದರೆ ನನ್ನ ವಿದ್ಯಾರ್ಥಿನಿ ಸುಮಂಗಲಾ, ಫೆಲೋಶಿಪ್ ಕೆಲಸಕ್ಕೆ ಧಾರವಾಡಕ್ಕೆ ಹೋಗಿದ್ದಾಳೆ. ಹೊರಡುವಾಗ ಹುಲಗೆಮ್ಮ ನನ್ನ ಕೈಗೆ ಬನ್ನಿ ಕೊಟ್ಟು, "ನಾವು ನೀವು ಬಂಗಾರದಂಗ ಇರೂಣ್ರಿ. ನನ್ನ ಮಗಳು ನಿಮ್ಮ ಉಡ್ಯಾಗ ಅದಾಳ" ಅಂದಳು. ಕಣ್ಣು ತುಂಬಿ ಬಂತು. ಮಕ್ಕಳಿಲ್ಲದವಳಿಗೆ ಇಂಥ ಮಾತು ಹೇಳಬಾರದು.

3 ನವೆಂಬರ್

ಸುಮಿ ಜೇಡಿಯನ್ನು ಬೆರಳಗಲಕ್ಕೆ ಕೊಯ್ದು ಆ್ಯಸಿಡ್ಡಿಗೆ ಹಾಕಿದಳು. ಮರಳೂ ಕರಗುತ್ತದೆ, ಪರಾಗದ ಗೋಡೆ ಮಾತ್ರ ಕರಗುವುದಿಲ್ಲ. ಮೊದಲ ಸ್ಲೈಡ್ ನಾನೇ ನೋಡಿದೆ. ಬಲಗಣ್ಣಿನ ಅಂಚಿನಲ್ಲಿ ಕತ್ತಲೆ. ಲೆನ್ಸ್ ಒರೆಸಿದೆ, ಮತ್ತೆ ಒರೆಸಿದೆ. ಕೊಳೆ ಲೆನ್ಸಿನಲ್ಲಿ ಇರಲಿಲ್ಲ.

21 ನವೆಂಬರ್

ಹುಬ್ಬಳ್ಳಿಗೆ ಹೋಗಿ ಬಂದೆ. ಗ್ಲಾಕೋಮಾ. ಬಲಗಣ್ಣಿನ ನರ ಒಣಗಿದೆ. ಹೋದ ದೃಷ್ಟಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕಂತೆ. ದಿನಕ್ಕೆರಡು ಸಲ ಹನಿ, ಹಾಕಿದ ಮೇಲೆ ಐದು ನಿಮಿಷ ಕಣ್ಣು ಮುಚ್ಚಿರಬೇಕು. ಎಡಗಣ್ಣು ಸದ್ಯಕ್ಕೆ ಪರವಾಗಿಲ್ಲ. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಲೇಸು.

ಬಸ್ಸಿನಲ್ಲಿ ಅತ್ತುಬಿಟ್ಟೆ. ಪಕ್ಕದ ಹೆಂಗಸು ಸೀಟು ಬದಲಿಸಿದಳು.

14 ಡಿಸೆಂಬರ್

ನಾನೇ ಹಾಕಿಕೊಂಡರೆ ಹನಿಯೆಲ್ಲ ಕೆನ್ನೆಗೆ ಹೋಗುತ್ತದೆ. ಈಗ ಸುಮಿಯೇ ಹಾಕುತ್ತಾಳೆ. ಬೆಳಿಗ್ಗೆ ಲ್ಯಾಬಿಗೆ ಬಂದ ಕೂಡಲೇ, ಸಂಜೆ ಹೊರಡುವ ಮುಂಚೆ. "ಮ್ಯಾಲ ನೋಡ್ರಿ ಮೇಡಂ. ಹಾಂ, ಮುಚ್ಚರಿ." ಅಷ್ಟೇ. ಅಯ್ಯೋ ಪಾಪ ಅನ್ನುವುದಿಲ್ಲ, ಪುಣ್ಯಾತ್ಗಿತ್ತಿ.

ಸ್ಲೈಡುಗಳನ್ನೂ ಅವಳೇ ಓದುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. "ಹುಲ್ಲು... ಹುಲ್ಲು... ಜಾಲಿ... ಹುಲ್ಲು." ಹದಿನೆಂಟು ವರ್ಷ ನಾನು ಹೇಳಿದ್ದು, ಬೇರೆಯವರು ಬರೆದುಕೊಂಡದ್ದು. ಈಗ ತಿರುಗಾಮುರುಗಾ. ಅವಳ ಕಣ್ಣು ಬಲು ಚುರುಕು. ನಾನು ಕಲಿಸಿದ ಕಣ್ಣು ಎಂದುಕೊಂಡರೆ ಸಮಾಧಾನವಾಗುತ್ತದೆ. ಸ್ವಲ್ಪ ಹೊತ್ತು ಆಗುತ್ತದೆ.

9 ಫೆಬ್ರವರಿ 2024

ಬರೆಯಲು ಬಹಳ ಇದೆ.

ಜೇಡಿಯ ವಯಸ್ಸು ಬಂತು. ಎರಡನೆಯ ಕೊಳವೆಯ ನೆತ್ತಿಯ ಪದರಕ್ಕೆ ಸುಮಾರು ಎರಡು ಸಾವಿರದ ಎಂಟುನೂರು ವರ್ಷ. ಅಂದರೆ ಗುಡ್ಡದ ಮೇಲೆ ಮೋರೇರ ಮನೆ ಕಟ್ಟುತ್ತಿದ್ದ ಕಾಲ. ಮಧ್ಯಾಹ್ನ ಅದೇ ಪದರದ ಸ್ಲೈಡ್ ನೋಡುತ್ತಿದ್ದ ಸುಮಂಗಲಾ ಕುರ್ಚಿ ಕೆಡವಿ ಎದ್ದಳು.

"ಮೇಡಂ, ಹೂ! ಬರೇ ಹೂ ಅದಾವ್ರಿ! ಮುಳ್ಳುಮುಳ್ಳಿನ ಪರಾಗ, ಗುಂಪು ಗುಂಪು. ಗಾಳಿಗೆ ಬಂದದ್ದಲ್ರಿ ಇದು, ಯಾರೋ ತಂದು ಹಾಕ್ಯಾರ. ಮೋರೇರ ಜನ ಸತ್ತವರಿಗೆ ಹೂ ಏರಸ್ತಿದ್ರು ಮೇಡಂ!"

ಎಡಗಣ್ಣಿಟ್ಟು ನೋಡಿದೆ. ಉರುಟು ಕಣ, ಮೈತುಂಬ ಚೂಪು ಮುಳ್ಳು, ಒಂದೂ ಮುರಿದಿಲ್ಲ. ಒಂದು ಕ್ಷಣವೂ ಬೇಕಾಗಲಿಲ್ಲ ನನಗೆ. ಜೀಪಿನ ಮಾಲೆ. ಗುಂಡಿಯ ತಳಕ್ಕೆ ಬಿದ್ದ ಪಕಳೆಯ ಮೇಲೆ ಎರಡನೆಯ ಕೊಳವೆ ಇಳಿದಿದೆ, ಅದರ ನೆತ್ತಿಗೆ ಹೂ ಸೇರಿದೆ. ಇಷ್ಟೇ ಸಂಗತಿ.

"ಭಾಳ ಹೊಸಾ ಕಾಣ್ತಾವ್ರಿ," ಅಂದಳು ಅವಳೇ. ಮುಖದಲ್ಲಿ ಅಳುಕು. "ಅವತ್ತು ನಾ ಇರ್ಲಿಲ್ಲ. ಗುಂಡ್ಯಾಗ ಏನರ ಬಿದ್ದಿತ್ತೇನ್ರಿ?"

ನಾನು, "ನಾನೇ ಎದುರಿಗೆ ನಿಂತಿದ್ದೆ. ಏನೂ ಬಿದ್ದಿಲ್ಲ. ಗಾಳಿಯಾಡದ ಜೇಡಿಯೊಳಗ ಹಿಂಗ ಉಳೀತಾವ" ಅಂದೆ.

ಯಾಕೆ ಹಾಗಂದೆ? ಅವಳ ಖುಷಿಯನ್ನು ಅಲ್ಲೇ ಚಿವುಟಲು ಮನಸ್ಸು ಬರಲಿಲ್ಲ. ಜೊತೆಗೆ, ನಾಲ್ಕು ದಿನ ತಾನೇ ಹುಡುಕಾಡಿ ತಪ್ಪು ಕಂಡುಕೊಳ್ಳಲಿ, ಪಾಠವಾಗುತ್ತದೆ. ನಾಳೆ ಹೇಳಿದರಾಯಿತು.

10 ಫೆಬ್ರವರಿ

ಈವತ್ತು ಪುರುಸೊತ್ತಾಗಲಿಲ್ಲ.

16 ಫೆಬ್ರವರಿ

ನಮ್ಮ ಸಂಶೋಧನಾ ಕೇಂದ್ರದ ಮುಖ್ಯಸ್ಥ ಪ್ರಭುರಾಜರು ಕರೆದರು. ನಮ್ಮಲ್ಲಿ ಒಂದೇ ಒಂದು ಖಾಯಂ ಹುದ್ದೆ ಬರಲಿದೆ. ಹದಿನೆಂಟು ವರ್ಷದಿಂದ ತಾತ್ಕಾಲಿಕ ಎಂಬ ಹಣೆಪಟ್ಟಿ ಹೊತ್ತವಳು ನಾನು. ಕುರ್ಚಿಯ ತುದಿಗೆ ಕೂತೆ.

"ಸುನಿತಾ ಅವ್ರ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಇದು ಕಣ್ಣಿನ ಕೆಲಸ," ಅಂದರು. "ಮಾರ್ಚ್ ಸಭಾದಾಗ ಸುಮಂಗಲಾ ಇದನ್ನ ಮಂಡಿಸಲಿ. ಹಿರಿಯರು ಒಪ್ಪಿದ್ರ ಆಕಿ ಫೆಲೋಶಿಪ್ ಮುಂದುವರಿತೈತಿ, ಹುದ್ದೆಗೂ ಆಕಿ ಹೆಸರ ಕಳಸ್ತೀನಿ. ನೀವು ಗುರುಗಳು, ನಿಮಗೂ ಹೆಮ್ಮಿ ಅಲ್ಲೇನ್ರಿ?"

ಹೆಮ್ಮೆ ಅಂದೆ. ಹಲ್ಲು ಕಿರಿದೆ. ಮಧ್ಯಾಹ್ನ ಜವಾನ ಬಂದು ನನ್ನ ಮೇಜಿನ ಮೈಕ್ರೋಸ್ಕೋಪನ್ನು ಅವಳ ಮೇಜಿಗೆ ಒಯ್ದಿಟ್ಟ. ಬಟ್ಟೆ ಮುಚ್ಚಿ ಒಯ್ದ. ಮನೆಯಿಂದ ಹೆಣ ತೆಗೆದ ಹಾಗಾಯಿತು ನನಗೆ.

ಸಂಜೆ ಅವಳು ಹನಿ ಹಾಕಲು ಬಂದಳು. ಬೆರಳಿಗೆ ನನ್ನ ಮೈಕ್ರೋಸ್ಕೋಪಿನ ಎಣ್ಣೆಯ ವಾಸನೆಯಿತ್ತು. "ಮೇಡಂ, ನಿಮ್ಮ ಮೇಜಿನ ಮ್ಯಾಲನ ಇರ್ಲಿ ಅಂದ್ರ ಸರ್ ಕೇಳ್ಲಿಲ್ರಿ" ಅಂದಳು. ಪಾಪ, ಕೇಳಿದ್ದಾಳಂತೆ! ನನ್ನ ಪರವಾಗಿ ಬೇಡಲು ನಾನೇನು ಇವಳ ಮನೆಯ ಮುಂದೆ ಜೋಳಿಗೆ ಹಿಡಿದು ನಿಂತಿದ್ದೇನೆಯೇ?

ಚೆಂಡುಹೂವಿನ ಮಾತು ತೆಗೆಯಲಿಲ್ಲ. ಕೇಳಿದರೆ ಹೇಳುತ್ತಿದ್ದೆ. ಅವಳು ಕೇಳಲಿಲ್ಲ.

2 ಮಾರ್ಚ್

ಸುಮಂಗಲಾ ಮಾತು ಅಭ್ಯಾಸ ಮಾಡುತ್ತಿದ್ದಾಳೆ. "ಹೂವಿನ ಗುಂಪಿಗೆ ಇನ್ನೊಂದು ಆಧಾರ ಬೇಕೇನೋ ಮೇಡಂ, ಸ್ವಲ್ಪ ಹಿಂದಮುಂದ ನೋಡಿ ಹೇಳ್ಲೇನ್ರಿ?" ಎಂದು ಕೇಳಿದಳು. "ಧೈರ್ಯವಾಗಿ ಹೇಳು, ಅನುಮಾನ ತೋರಿಸಿದರೆ ಹಿರಿಯರು ಹರಿದು ತಿನ್ನುತ್ತಾರೆ" ಅಂದೆ. ಮೇಲಿನ ಸಾಲೊಂದನ್ನು ನಾನೇ ತಿದ್ದಿ ಕೊಟ್ಟೆ. 'ಇರಬಹುದು' ಎಂದಿತ್ತು, 'ಖಚಿತ' ಎಂದು ಮಾಡಿದೆ. ಮೊದಲಿನಿಂದಲೂ ನಾನು ವಿದ್ಯಾರ್ಥಿಗಳ ಭಾಷೆ ತಿದ್ದುವುದರಲ್ಲಿ ಗಟ್ಟಿ.

ಎಡಗಣ್ಣಿನ ಒತ್ತಡವೂ ಏರಿದೆ ಎಂದರು ಡಾಕ್ಟರು.

14 ಮಾರ್ಚ್

ಮುಗಿಯಿತು.

ಸಭೆಗೆ ಹೊರಗಿನಿಂದ ಬಂದ ಹಿರಿಯರು ನಿವೃತ್ತ ಪ್ರೊಫೆಸರ್ ಈಶಪ್ಪ. ಪರಾಗ ನೋಡುವುದರಲ್ಲೇ ತಲೆ ನೆರೆತವರು. ಆ ಹುಡುಗಿ ಹೊಸ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಹಿಂದಿನ ಸಾಲಿನಲ್ಲಿ ಅವಳ ಅಪ್ಪ ಗಿಡ್ಡಪ್ಪ, ತಾಯಿ ಹುಲಗೆಮ್ಮ. ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ಒಳಗೆ ಕೂತಿದ್ದರು.

ಹುಡುಗಿ ಚೆನ್ನಾಗಿಯೇ ಮಾತಾಡಿದಳು. ಪರದೆಯ ಮೇಲೆ ಮುಳ್ಳಿನ ಪರಾಗ ತೋರಿಸಿ, "ಈ ಜನ ತಮ್ಮ ಸತ್ತವರಿಗೆ ಹೂ ಅರ್ಪಿಸುತ್ತಿದ್ದದ್ದು ಖಚಿತ" ಅಂದಳು. ಚಪ್ಪಾಳೆ ಆಯಿತು. ಈಶಪ್ಪನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ತಂಗಿ, ನಿನ್ನ ಸ್ಲೈಡಿನಾಗ ಉಳಿದ ಕಣ ಎಲ್ಲಾ ಮುದುಕರು. ಸವದಾವ, ಹರದಾವ. ಇವಷ್ಟ ಯಾಕ ಮದುಮಕ್ಕಳಂಗ ಅದಾವ?"

ಅವಳು ನನ್ನ ಕಡೆ ನೋಡಿದಳು. "ಗಾಳಿಯಾಡದ ಜೇಡ್ಯಾಗ..."

"ಜೇಡಿ ಎಲ್ಲಾರಿಗೂ ಒಂದ ಅಲ್ಲೇನು? ಇದು ಚೆಂಡುಹೂ. ನಾ ದಿನಾ ನೋಡೇನಿ. ಅಮೆರಿಕಾದ ಗಿಡ ಇದು, ನಮ್ಮ ದೇಶಕ್ಕ ಬಂದು ನಾಕನೂರು ಐನೂರು ವರ್ಷ ಆಗಿರಬೇಕು. ನಿಮ್ಮ ಮೋರೇರು ಏನು ವಿಮಾನದಾಗ ತರಿಸ್ಕೊಂಡಿದ್ರೇನು?"

ಸಭೆ ಘೊಳ್ಳೆಂದು ನಕ್ಕಿತು. ಹಿಂದಿನ ಸಾಲಿನಲ್ಲಿ ಹುಲಗೆಮ್ಮನೂ ನಕ್ಕಳು, ಮಗಳ ಮಾತಿಗೆ ಎಲ್ಲರೂ ಖುಷಿಪಟ್ಟರು ಎಂದು ತಿಳಿದು.

ಆ ಹುಡುಗಿ ಇನ್ನೂ ನನ್ನನ್ನೇ ನೋಡುತ್ತಿದ್ದಳು. ಪ್ರಭುರಾಜರೂ ತಿರುಗಿದರು. ನಾನು ಎದ್ದು ನಿಂತೆ. ಧ್ವನಿ ಒಂದಿಷ್ಟೂ ನಡುಗಲಿಲ್ಲ, ನನಗೇ ಆಶ್ಚರ್ಯ. ಕೊಳವೆ ಇಳಿಸುವ ದಿನ ಕೂಲಿಯವರು ನಮ್ಮ ಕಣ್ಣು ತಪ್ಪಿಸಿ ಪೂಜೆ ಮಾಡಿರಬಹುದು, ಸುಮಂಗಲಾ ಅವರ ತಾಯಿಯೇ ಹೂ ತಂದಿದ್ದನ್ನು ನೋಡಿದ್ದೇನೆ, ಮಗಳು ಮನೆಯಲ್ಲಿ ಒಂದು ಮಾತು ಕೇಳಬೇಕಿತ್ತು ಅಂದೆ. ಇದರಲ್ಲಿ ಯಾವುದು ಸುಳ್ಳು? ಹುಲಗೆಮ್ಮ ಹೂ ತಂದಿದ್ದಳು.

ಈಗ ಯಾರೂ ನಗಲಿಲ್ಲ. ಎಲ್ಲರೂ ಹಿಂದೆ ತಿರುಗಿ ನೋಡಿದರು. ಗಿಡ್ಡಪ್ಪ ಹೆಂಡತಿಯ ಮುಖ ನೋಡಿದ. ಹುಲಗೆಮ್ಮ ಎದ್ದು ನಿಂತು, ಯಾರಿಗೆ ಅಂತ ಗೊತ್ತಾಗದೆ ಇಡೀ ಸಭೆಗೆ ಕೈಮುಗಿದು, "ತಪ್ಪಾತ್ರಿ" ಅಂದಳು.

ಊಟ ಚೆನ್ನಾಗಿತ್ತು. ಹೋಳಿಗೆ ಮಾಡಿಸಿದ್ದರು.

15 ಮಾರ್ಚ್

ಹನಿ ಹಾಕಲು ಬರಲಿಲ್ಲ. ನಾನೇ ಹಾಕಿಕೊಂಡೆ. ಅರ್ಧ ಬಾಟಲಿ ಕೆನ್ನೆಗೆ.

21 ಮಾರ್ಚ್

ಅವಳ ಫೆಲೋಶಿಪ್ ಮುಂದುವರಿಯುವುದಿಲ್ಲ. ಹುದ್ದೆಗೆ ನನ್ನ ಹೆಸರು ಹೋಗಿದೆ. ಪ್ರಭುರಾಜರು "ಅನುಭವ ಅಂದ್ರ ಅನುಭವ ನೋಡ್ರಿ" ಅಂದರು. ಹೋದ ತಿಂಗಳು ಇದೇ ಬಾಯಿ ಇದೇ ಕುರ್ಚಿಯಲ್ಲಿ ಕೂತು ಬೇರೆ ಹೇಳಿತ್ತು. ಮೈಕ್ರೋಸ್ಕೋಪ್ ಮತ್ತೆ ನನ್ನ ಮೇಜಿಗೆ ಬಂದಿದೆ. ಒರೆಸಿ, ಎಡಗಣ್ಣಿಗೆ ಹೊಂದಿಸಿಟ್ಟೆ. ಹತ್ತು ನಿಮಿಷ ನೋಡಿದರೆ ನೀರು ಸುರಿಯುತ್ತದೆ. ಸ್ಲೈಡ್ ಓದಲು ಯಾರನ್ನಾದರೂ ನೇಮಿಸಿಕೊಳ್ಳಬೇಕು. ತೀರಾ ಚುರುಕು ಇರುವವರು ಬೇಡ.

29 ಮಾರ್ಚ್

ಹುಲಗೆಮ್ಮ ಬಂದಿದ್ದಳು. ಲ್ಯಾಬಿನ ಬಾಗಿಲಲ್ಲೇ ನಿಂತಳು, ಒಳಗೆ ಬಾ ಅಂದರೂ ಬರಲೊಲ್ಲಳು. ಹದಿನೈದು ದಿನಕ್ಕೆ ಮುಖ ಅರ್ಧವಾಗಿದೆ.

"ಮಗಳು ನನ್ನ ಕೂಡ ಮಾತು ಬಿಟ್ಟಾಳ್ರಿ ಅಕ್ಕೋರ. ಉಣ್ಣಾಕ ಹಾಕಿದ್ರ ಉಣ್ತಾಳ. ಮುಖ ಎತ್ತಿ ನೋಡಂಗಿಲ್ಲ. ಅವರಪ್ಪ ಹಿತ್ತಲದಾಗಿನ ಕಣಗಿಲ ಗಿಡಾ ಕಡದು ಒಗದ್ರು. ಬುಡ ಒಂದ ಉಳದೈತಿ."

ನಾನು ಸ್ಲೈಡುಗಳನ್ನು ಜೋಡಿಸತೊಡಗಿದೆ. ಅವಳು ಹೋಗಲಿಲ್ಲ.

"ಒಂದ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನನ್ನ ಹೂ ನಾ ತಿರುಗಿ ತಗೊಂಡಿದ್ನೆಲ್ರಿ? ಸೆರಗಿಗೆ ಕಟಗೊಂಡ ಹೋಗಿದ್ದೆ. ಗುಂಡ್ಯಾಗ ಹಾಕಿದ್ದು ನೀವು, ಜೀಪಿನ ಹೂ. ಒಮ್ಮೆ ಏರಿಸಿದ ಹೂ ಮತ್ತ ಏರಿಸಬಾರದ್ರಿ, ದೇವ್ರಿಗೆ ಆಗಂಗಿಲ್ಲ. ಅವತ್ತ ನನ್ನ ಎದಿ ಧಸಕ್ಕಂತು. ದೊಡ್ಡವರಿಗೆ ಹೆಂಗ ಹೇಳೂದಂತ ಬಾಯಿ ಮುಚಗೊಂಡೆ. ನಾ ಹೇಳದ ಬಿಟ್ಟಿದ್ದ ಪಾಪ ನನ್ನ ಮಗಳಿಗೆ ಬಡೀತೇನ್ರಿ?"

ನನ್ನ ತಪ್ಪಿಗೂ ತಾನೇ ತಲೆ ಕೊಡಲು ಬಂದಿದ್ದಾಳೆ! ನನಗೆ ಮೈ ಉರಿಯಿತು. ಈ ಮಾತನ್ನು ಇವಳು ಮನೆಯಲ್ಲಿ, ನಲ್ಲಿಯ ಹತ್ತಿರ, ಬಸ್ಸಿನಲ್ಲಿ ಆಡುತ್ತಾ ಕೂತರೆ? ಕೈ ಹಿಡಿದು ಒಳಗೆ ಎಳೆದುಕೊಂಡು ಬಂದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದೆ. ಆ ಪದರದ ಸ್ಲೈಡ್ ಇಟ್ಟೆ.

"ನೋಡು. ಮುಳ್ಳು ಕಾಣಸ್ತಾವೇನು?"

ಬಹಳ ಹೊತ್ತು ನೋಡಿದಳು. ಉಸಿರು ಬಿಗಿಹಿಡಿದಿದ್ದಳು. "ಕಾಣಸ್ತಾವ್ರಿ. ಶಿವಾ... ಎಷ್ಟ ಅದಾವ."

"ಅದು ನಿನ್ನ ಕಣಗಿಲ. ನೀ ತಿರುಗಿ ತಗೊಂಡ್ರೂ ಅದರ ಧೂಳು ಒಳಗ ಹೋಗೈತಿ. ನಾ ಹಾಕಿದ್ದು ಬಾಡಿದ ಹೂ, ಅದರಾಗ ಧೂಳ ಇರಲಿಲ್ಲ."

"ಕಣಗಿಲಕ್ಕ ಮುಳ್ಳ ಎಲ್ಲಿರ್ತಾವ್ರಿ ಅಕ್ಕೋರ?"

"ಕಣ್ಣಿಗೆ ಕಾಣಂಗಿಲ್ಲ. ಇದರಾಗ ನೋಡಿದ್ರ ಕಾಣ್ತಾವ."

ಹುಲಗೆಮ್ಮ ಇನ್ನೊಮ್ಮೆ ಬಗ್ಗಿ ನೋಡಿದಳು. ಆಮೇಲೆ ಮೈಕ್ರೋಸ್ಕೋಪಿಗೇ ಕೈಮುಗಿದಳು. "ನನ್ನ ಹೂವಿನ ಮುಳ್ಳ ನನ್ನ ಮಗಳಿಗೆ ಚುಚ್ಚಿದುವು. ಇವತ್ತ ಹೋಗಿ ಆಕಿಗೆ ಹೇಳ್ತೀನ್ರಿ. ಕಣ್ಣಾರೆ ನೋಡಿ ಬಂದೆ, ನಂದ ತಪ್ಪು, ಹೊಟ್ಟ್ಯಾಗ ಹಾಕ್ಕೋ ಅಂತೀನಿ." ಹೋಗುವಾಗ ಹಗುರಾಗಿದ್ದಳು. ಅನುಮಾನ ಹೊತ್ತು ತಿರುಗುವುದಕ್ಕಿಂತ ತಪ್ಪು ಯಾರದೆಂದು ಗೊತ್ತಾದರೆ ಮನುಷ್ಯರಿಗೆ ನೆಮ್ಮದಿ. ನಾನೂ ಒಂದು ಒಳ್ಳೆಯ ಕೆಲಸ ಮಾಡಿದೆ ಅನ್ನಿಸಿತು.

8 ಏಪ್ರಿಲ್

ನಾಳೆ ಯುಗಾದಿ. ಕೇಂದ್ರದಲ್ಲಿ ಯಾರೂ ಇರಲಿಲ್ಲ. ಆ ಹುಡುಗಿ ಬೀಗದ ಕೈ ಹಿಂತಿರುಗಿಸಲು ಬಂದಳು. ಹೊಸಪೇಟೆಯ ಯಾವುದೋ ಶಾಲೆಯಲ್ಲಿ ಕೆಲಸ ಸಿಕ್ಕಿದೆಯಂತೆ. ಕೈಯಲ್ಲಿ ಒಂದು ಕಾಗದದ ಪೊಟ್ಟಣ.

"ಒಂದ ಸ್ಲೈಡ್ ಮಾಡ್ಕೋತೀನ್ರಿ ಮೇಡಂ. ಅದ ಕಡೇದು."

ಬೇಡ ಅನ್ನಲು ಕಾರಣವಿರಲಿಲ್ಲ. ಬೆನ್ನು ತಿರುಗಿಸಿ ಕೆಲಸ ಮಾಡಿದಳು. ಗಾಜಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಏನಾದರೂ ಕೇಳುತ್ತಾಳೆ ಎಂದು ನಾನು ಕಾದೆ. ಉತ್ತರಗಳೂ ಸಿದ್ಧವಿದ್ದವು. ಮುಗಿಸಿ ಕೈ ತೊಳೆದು, ನನ್ನ ಮೇಜಿನ ಮೇಲಿನ ಹನಿ ಬಾಟಲಿ ತೆಗೆದುಕೊಂಡು ಹತ್ತಿರ ಬಂದಳು.

"ಮ್ಯಾಲ ನೋಡ್ರಿ."

ನೋಡಿದೆ. ಬಲಕ್ಕೊಂದು, ಎಡಕ್ಕೊಂದು. ಒಂದು ತೊಟ್ಟೂ ಕೆನ್ನೆಗೆ ಬೀಳಲಿಲ್ಲ.

"ಮುಚ್ಚರಿ," ಅಂದಳು. ಕಣ್ಣು ಮುಚ್ಚಿಕೊಂಡೆ. ಅವಳ ಧ್ವನಿ ಬಾಗಿಲ ಕಡೆಯಿಂದ ಬಂತು. "ಅವ್ವ ಹೇಳಿದ್ಲು, ಕಣಗಿಲಕ್ಕ ಮುಳ್ಳ ಇರ್ತಾವಂತ. ಮೇಡಮ್ಮಾರ ತೋರಿಸ್ಯಾರಂತ. ನಾ ಮತ್ತ ಅವ್ವನ ಕೂಡ ಮಾತಾಡಾಕ ಹತ್ತೀನ್ರಿ."

ಬಾಗಿಲು ಮೆಲ್ಲಗೆ ಮುಚ್ಚಿತು. ಔಷಧಿ ಹಾಕಿದ ಮೇಲೆ ಐದು ನಿಮಿಷ ತೆರೆಯಬಾರದು. ತೆರೆಯಲಿಲ್ಲ.

ಆಮೇಲೆ ಮೈಕ್ರೋಸ್ಕೋಪಿನ ಹತ್ತಿರ ಹೋದೆ. ನನ್ನ ಎಡಗಣ್ಣಿಗೆ ಸರಿಯಾಗಿ ಹೊಂದಿಸಿಟ್ಟಿದ್ದಾಳೆ. ನಡುವಿನಲ್ಲಿ ಒಂದೇ ಕಣ. ನುಣುಪಾದ ಗುಂಡು, ಸುತ್ತ ನಾಲ್ಕು ಕಿಂಡಿ. ಒಂದೂ ಮುಳ್ಳಿಲ್ಲ. ಕಡಿದ ಬುಡ ಚಿಗುರಿ ಇಷ್ಟು ಬೇಗ ಹೂ ಬಿಡುವುದಿಲ್ಲ, ಬೇರೆ ಎಲ್ಲಿಂದಲೋ ತಂದಿರಬೇಕು. ಬಣ್ಣ ಹದವಾಗಿ ಹಿಡಿದಿದೆ, ಗಾಜಿನ ಕೆಳಗೆ ಒಂದು ಗುಳ್ಳೆ ಕೂಡ ಇಲ್ಲ. ನಾನು ಕಲಿಸಿದ್ದು.

ಚೀಟಿಯನ್ನೂ ನಾನು ಕಲಿಸಿದಂತೆಯೇ ಬರೆದಿದ್ದಾಳೆ. ಓದಲು ಕಣ್ಣಿಗೆ ಬಹಳ ಹತ್ತಿರ ಹಿಡಿಯಬೇಕಾಯಿತು. 'ಕೆಂಪು ಕಣಗಿಲ. ಹಿಟ್ನಾಳ. ತಂದುಕೊಟ್ಟವರು: ಹುಲಗೆಮ್ಮ.'

ನಮ್ಮ ಕೇಂದ್ರದ ಸ್ಲೈಡುಗಳ ಮೇಲೆ ಕೂಲಿಯವರ ಹೆಸರು ಬರೆಯುವ ಪದ್ಧತಿ ಇಲ್ಲ. ಹಬ್ಬ ಮುಗಿದ ಮೇಲೆ ಚೀಟಿ ಬದಲಿಸಬೇಕು.